ಅಮೆರಿಕದಲ್ಲಿ ಬಾಡಿಗೆ ಕಾರಿಗೆ ನೀವೇ ಪೆಟ್ರೋಲ್ ಹಾಕುವುದು ಹೇಗೆ?

ನಮ್ಮ ಕಡೆಯವರು ಯಾರಾದರೂ ಅಮೆರಿಕಕ್ಕೆ ಹೊರಟರೆ ವೀಸಾ, ಟಿಕೆಟ್ಟು, ಚಟ್ನಿಪುಡಿ ಎಲ್ಲದರ ಬಗ್ಗೆಯೂ ವಾರಗಟ್ಟಲೆ ಮಾತು ನಡೆಯುತ್ತದೆ. ಅಲ್ಲಿ ಕಾರು ಬಾಡಿಗೆಗೆ ತಗೊಂಡು ಓಡಾಡ್ತೀವಿ ಅಂತಲೂ ಹೇಳುತ್ತಾರೆ. ಪೆಟ್ರೋಲ್ ಹಾಕೋದು ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆಮೇಲೆ ಯಾವುದೋ ಊರಿನ ಪಂಪಿನ ಮುಂದೆ ನಿಂತು ಫೋನ್ ಮಾಡುತ್ತಾರೆ: "ಅಕ್ಕಾ, ಇದು ಜಿಪ್ ಕೋಡ್ ಕೇಳ್ತಿದೆ. ಏನು ಒತ್ತಲಿ?"

ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ನಾನು ದಿನಾ ಕಾರು ಓಡಿಸುತ್ತೇನೆ. ಆದರೂ ಅಲ್ಲಿಗೆ ಹೋಗುವ ತನಕ ಪೆಟ್ರೋಲ್ ಪೈಪು ಕೈಯಲ್ಲಿ ಹಿಡಿದವಳಲ್ಲ. ನಮ್ಮಲ್ಲಿ ಹೆಚ್ಚಿನವರು ಹಾಗೇ ಅಲ್ವಾ? ಬಂಕಿಗೆ ಹೋಗುತ್ತೇವೆ, ಕಿಟಕಿ ಇಳಿಸಿ "ಎರಡು ಸಾವಿರಕ್ಕೆ ಹಾಕಿ" ಅನ್ನುತ್ತೇವೆ, ಹುಡುಗ "ಝೀರೋ ನೋಡ್ಕೊಳಿ ಮೇಡಂ" ಅನ್ನುತ್ತಾನೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಹೊರಡುತ್ತೇವೆ. ಅಮೆರಿಕದ ಹೆಚ್ಚಿನ ಕಡೆ ಆ ಹುಡುಗ ಇಲ್ಲ, ಯುಪಿಐ ಇಲ್ಲ. ಮೊದಲು ದುಡ್ಡು, ಆಮೇಲೆ ಪೆಟ್ರೋಲ್. ಈ ಕ್ರಮ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು.

ಲಾಸ್ ವೇಗಸ್‌ನಲ್ಲಿ ಕಾರು ತೆಗೆದುಕೊಂಡು ಗ್ರ್ಯಾಂಡ್ ಕ್ಯಾನಿಯನ್, ಯೂಟಾ, ಕ್ಯಾಲಿಫೋರ್ನಿಯಾ ಸುತ್ತುವವರನ್ನು ಮನಸ್ಸಲ್ಲಿ ಇಟ್ಟುಕೊಂಡು ಹೇಳುತ್ತಿದ್ದೇನೆ. ನಾವು ಓಡಾಡಿದ್ದು ಆ ಕಡೆಯೇ, ನಮ್ಮವರು ಜಾಸ್ತಿ ಹೋಗುವುದೂ ಆ ಕಡೆಯೇ. ನಮ್ಮ ಮನೆಯಲ್ಲಿ ಸ್ಟೇರಿಂಗ್ ನನ್ನದು, ಮ್ಯಾಪ್ ನೋಡುವ ಕೆಲಸ ನಮ್ಮ ಯಜಮಾನರದು, ಹಿಂದಿನ ಸೀಟಿನಲ್ಲಿ ಅತ್ತೆ ಇದ್ದರು. ವಯಸ್ಸಾದವರು ಜೊತೆಗಿದ್ದಾಗ ಮರುಭೂಮಿಯಲ್ಲಿ ಪೆಟ್ರೋಲ್ ಖಾಲಿಯಾಗುವ ಹಾಗೆ ಮಾಡಿಕೊಳ್ಳಬಾರದು. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ಊರು ಬಿಡುವ ಮುಂಚೆ

ಮೊದಲು ಕಾರ್ಡ್ ನೋಡಿಕೊಳ್ಳಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ, ಹೊಸದಾಗಿ ಕೊಡುವ ಕಾರ್ಡುಗಳು ಭಾರತದ ಒಳಗೆ ಮಾತ್ರ ನಡೆಯುವ ಹಾಗೆ ಇರುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ 'ಕಾರ್ಡ್ ಕಂಟ್ರೋಲ್' ಅಂತಲೋ 'ಇಂಟರ್‌ನ್ಯಾಷನಲ್ ಯೂಸೇಜ್' ಅಂತಲೋ ಇರುತ್ತದೆ. ಅಂಗಡಿಯಲ್ಲಿ ಬಳಸುವುದು, ಆನ್‌ಲೈನ್, ಎಟಿಎಂ, ಕಾಂಟ್ಯಾಕ್ಟ್‌ಲೆಸ್ ಹೀಗೆ ಬೇರೆ ಬೇರೆ ಗುಂಡಿಗಳಿರುತ್ತವೆ. ನಿಮಗೆ ಬೇಕಾದ್ದು ಅಂಗಡಿಯಲ್ಲಿ ಬಳಸುವುದು. ದಿನದ ಮಿತಿ ಎಷ್ಟಿದೆ ಅಂತಲೂ ನೋಡಿ. ಇದನ್ನು ಊರಲ್ಲೇ ಮಾಡಿ ಮುಗಿಸಿ. ಅಲ್ಲಿಗೆ ಹೋದ ಮೇಲೆ ಓಟಿಪಿ ಬರಬೇಕಾದ ಸಿಮ್ ರೋಮಿಂಗ್ ಇಲ್ಲದೆ ಸುಮ್ಮನಿದ್ದರೆ ಏನೂ ಮಾಡಲಿಕ್ಕಾಗುವುದಿಲ್ಲ.

ಕ್ರೆಡಿಟ್ ಕಾರ್ಡ್‌ನ ಪಿನ್ ನೆನಪಿದೆಯಾ ನೋಡಿ. ನಮ್ಮಲ್ಲಿ ಟ್ಯಾಪ್ ಮಾಡಿ ಮಾಡಿ ಪಿನ್ನೇ ಮರೆತಿರುತ್ತೇವೆ. ಕನಿಷ್ಠ ಎರಡು ಕಾರ್ಡ್ ಇರಲಿ, ಎರಡೂ ಒಂದೇ ಪರ್ಸಿನಲ್ಲಿ ಬೇಡ. ಜೊತೆಗೆ ಇಪ್ಪತ್ತು ಡಾಲರಿನ ಒಂದಷ್ಟು ನೋಟು. ಕಾರ್ಡ್ ಕೈಕೊಟ್ಟಾಗ ಪೆಟ್ರೋಲ್ ಸಿಗುವುದು ಈ ನೋಟಿನಿಂದ. ನೂರು ಡಾಲರಿನ ನೋಟನ್ನು ಎಷ್ಟೋ ಅಂಗಡಿಯವರು ಮುಟ್ಟುವುದಿಲ್ಲ. ಊರಲ್ಲಿ ಡಾಲರ್ ಕೊಳ್ಳುವಾಗಲೇ ಚಿಕ್ಕ ನೋಟು ಕೇಳಿ ಪಡೆಯಿರಿ.

ಫಾರೆಕ್ಸ್ ಕಾರ್ಡ್ (ಮೊದಲೇ ಡಾಲರ್ ತುಂಬಿಸಿಕೊಂಡು ಹೋಗುವ ಕಾರ್ಡ್) ಬಗ್ಗೆ ಒಂದು ಎಚ್ಚರಿಕೆ. ಪಂಪಿನ ಮೆಷಿನ್‌ಗೆ ಕಾರ್ಡ್ ಹಾಕಿದರೆ, ನೀವು ಎಷ್ಟು ಪೆಟ್ರೋಲ್ ಹಾಕುತ್ತೀರಿ ಅಂತ ಅದಕ್ಕೆ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಒಂದು ದೊಡ್ಡ ಮೊತ್ತವನ್ನು ತಡೆಹಿಡಿಯುತ್ತದೆ. ಇದು 175 ಡಾಲರ್ ತನಕ ಹೋಗಬಹುದು. ನೀವು ಹಾಕಿದ್ದು ಮೂವತ್ತು ಡಾಲರಿನ ಪೆಟ್ರೋಲ್ ಆಗಿರಬಹುದು, ಆದರೆ ಆ ಪೂರ್ತಿ ಮೊತ್ತ ಕೆಲವು ದಿನ ನಿಮ್ಮ ಕೈಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಇದು ಅಷ್ಟೇನೂ ಗೊತ್ತಾಗುವುದಿಲ್ಲ, ಮಿತಿ ಸ್ವಲ್ಪ ಕಮ್ಮಿಯಾಗುತ್ತದೆ ಅಷ್ಟೇ. ಎಣಿಸಿ ದುಡ್ಡು ತುಂಬಿಸಿಕೊಂಡು ಹೋದ ಫಾರೆಕ್ಸ್ ಕಾರ್ಡಿನಲ್ಲಿ ಮಾತ್ರ ಊಟ, ಹೋಟೆಲ್ ಎಲ್ಲಕ್ಕೂ ಅಡ್ಡಿಯಾಗುತ್ತದೆ. ಪಂಪಿನ ಬಾಯಿಗೆ ಫಾರೆಕ್ಸ್ ಕಾರ್ಡ್ ಹಾಕಬೇಡಿ.

ಕಾರು ಕೈಗೆ ಸಿಕ್ಕಾಗ

ಕೌಂಟರಿನಲ್ಲಿ ಪೆಟ್ರೋಲ್ ಬಗ್ಗೆ ಕೇಳುತ್ತಾರೆ. ತುಂಬಿದ ಟ್ಯಾಂಕ್ ಕೊಡುತ್ತೇವೆ, ತುಂಬಿಸಿ ವಾಪಸ್ ತನ್ನಿ ಎನ್ನುವುದು ಒಂದು ಕ್ರಮ. ನಮ್ಮಂಥವರಿಗೆ ಅದೇ ಸರಿ. ಇನ್ನೊಂದು, ಪೂರ್ತಿ ಟ್ಯಾಂಕಿನ ದುಡ್ಡು ಈಗಲೇ ಕೊಡಿ, ಖಾಲಿ ತಂದರೂ ಪರವಾಗಿಲ್ಲ ಎನ್ನುವುದು. ಕೇಳಲಿಕ್ಕೆ ಚೆನ್ನಾಗಿರುತ್ತದೆ. ಆದರೆ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲಿಗೆ ವಾಪಸ್ ದುಡ್ಡು ಕೊಡುವುದಿಲ್ಲ. ವಿಮಾನ ಹಿಡಿಯುವ ದಿನ ಸೊನ್ನೆ ಮುಳ್ಳಿನಲ್ಲಿ ಕಾರು ಓಡಿಸುವ ಧೈರ್ಯ ಯಾರಿಗಿದೆ? ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಿಕೊಂಡು ಹೊರಡಬೇಕು ಅನ್ನುವವರು ಬೇಕಾದರೆ ತೆಗೆದುಕೊಳ್ಳಲಿ. ಉಳಿದವರು ಬೇಡ ಅನ್ನಿ. ಸಹಿ ಹಾಕುವ ಮುಂಚೆ ಆ ಸಾಲನ್ನು ಬೆರಳಿಟ್ಟು ತೋರಿಸಿ ಕೇಳಿ. ಟ್ಯಾಬ್ ಮೇಲೆ ಸರಸರ ಪುಟ ತಿರುಗಿಸುವಾಗ ಟಿಕ್ ಬಿದ್ದುಹೋಗುತ್ತದೆ.

ಬುಕ್ ಮಾಡುವಾಗ ಒಂದು ಕಾರಿನ ಹೆಸರು ಇರುತ್ತದೆ, ಸಿಗುವುದು ಅದೇ ಅಳತೆಯ ಇನ್ನೊಂದು ಕಾರು. ಅದಕ್ಕೇ ಪಾರ್ಕಿಂಗ್‌ನಿಂದ ಹೊರಡುವ ಮುಂಚೆ ಐದು ನಿಮಿಷ ತೆಗೆದುಕೊಳ್ಳಿ. ಕಾರು ಸ್ಟಾರ್ಟ್ ಮಾಡಿ ಪೆಟ್ರೋಲ್ ಮುಳ್ಳಿನ ಹತ್ತಿರ ನೋಡಿ. ಪಂಪಿನ ಚಿಕ್ಕ ಚಿತ್ರ ಇರುತ್ತದೆ, ಅದರ ಪಕ್ಕ ಒಂದು ತ್ರಿಕೋನದ ಬಾಣ. ಬಾಣ ಯಾವ ಕಡೆ ತೋರಿಸುತ್ತದೋ ಟ್ಯಾಂಕಿನ ಬಾಯಿ ಆ ಕಡೆ. ಅದೇ ಕ್ಷಣದಲ್ಲಿ ಮುಳ್ಳು ಮತ್ತು ಕಿಲೋಮೀಟರ್ ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ (ಅಲ್ಲಿ ಅದು ಮೈಲಿಯಲ್ಲಿ ಇರುತ್ತದೆ). ಮುಳ್ಳು ಪೂರ್ತಿ ತುಂಬಿದ ಗೆರೆಯಲ್ಲಿ ಇಲ್ಲದಿದ್ದರೆ ಗೇಟಿನಲ್ಲೇ ಹೇಳಿ ಕಾಗದದಲ್ಲಿ ಬರೆಸಿಕೊಳ್ಳಿ.

ಆಮೇಲೆ ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ನೋಡಿ. ಕೆಲವು ಕಾರಿನಲ್ಲಿ ಚಾಲಕನ ಎಡಗಾಲಿನ ಹತ್ತಿರ ಒಂದು ಲಿವರ್ ಇರುತ್ತದೆ. ಅಲ್ಲಿ ಸ್ಟೇರಿಂಗ್ ಎಡಗಡೆ, ಆದ್ದರಿಂದ ಲಿವರ್ ಬಾಗಿಲಿನ ಕಡೆ ಸಿಗುತ್ತದೆ. ಕೆಲವು ಕಾರಿನಲ್ಲಿ ಬಾಗಿಲುಗಳು ಅನ್‌ಲಾಕ್ ಆಗಿದ್ದರೆ ಮುಚ್ಚಳವನ್ನು ಹೊರಗಿನಿಂದ ಒತ್ತಿದರೆ ಸಾಕು. ಫೋರ್ಡ್ ಕಾರುಗಳಲ್ಲಿ ಒಳಗಿನ ತಿರುಪಿನ ಮುಚ್ಚಳವೇ ಇಲ್ಲದಿರಬಹುದು, ಪೈಪಿನ ಮೂತಿಯನ್ನು ನೇರ ತೂರಿಸುವುದು. ಮುಚ್ಚಳದ ಒಳಬದಿಯಲ್ಲಿ ಯಾವ ಇಂಧನ ಅಂತ ಬರೆದಿರುತ್ತದೆ, ಅದನ್ನೂ ಓದಿ. ಅಮೆರಿಕದ ಬಾಡಿಗೆ ಕಾರುಗಳು ಬಹುತೇಕ ಪೆಟ್ರೋಲಿನವೇ. ಅವರು ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ. ಎಲೆಕ್ಟ್ರಿಕ್ ಕಾರು ಕೊಡುತ್ತೇವೆ, ಬಾಡಿಗೆ ಕಮ್ಮಿ ಅಂದರೆ, ಮೊದಲ ಸಲ ಹೋಗುವವರು ಮತ್ತು ಮರುಭೂಮಿ ಕಡೆ ಹೋಗುವವರು ಬೇಡ ಅನ್ನುವುದೇ ವಾಸಿ. ಚಾರ್ಜರ್ ಹುಡುಕುವುದು, ಆ್ಯಪ್ ಹಾಕಿಕೊಳ್ಳುವುದು, ಅದಕ್ಕೆ ನಮ್ಮ ಕಾರ್ಡ್ ಸೇರಿಸುವುದು, ಇದೆಲ್ಲ ರಜೆಯ ಹೊತ್ತನ್ನು ತಿನ್ನುತ್ತದೆ.

ಪಂಪಿನ ಮುಂದೆ

ಹೆದ್ದಾರಿಯಲ್ಲಿ ದೂರದಿಂದಲೇ ಎತ್ತರದ ಕಂಬದ ಮೇಲೆ ರೇಟು ಕಾಣುತ್ತದೆ. ಅದು ಗ್ಯಾಲನ್ ಲೆಕ್ಕ. ಒಂದು ಗ್ಯಾಲನ್ ಅಂದರೆ 3.785 ಲೀಟರ್. ರೇಟಿನ ಕೊನೆಯಲ್ಲಿ ಚಿಕ್ಕದಾಗಿ 9/10 ಅಂತ ಇರುತ್ತದೆ, ಅದು ಒಂದು ಸೆಂಟಿನ ಹತ್ತರಲ್ಲಿ ಒಂಬತ್ತು ಪಾಲು. 3.49 ಅಂತ ಬರೆದು ಪಕ್ಕದಲ್ಲಿ 9/10 ಇದ್ದರೆ ಮೂರೂವರೆ ಡಾಲರ್ ಅಂತಲೇ ಹಿಡಿಯಿರಿ, ಲೀಟರಿಗೆ ಸುಮಾರು 92 ಸೆಂಟ್ ಆಯಿತು. ಕೆಲವು ಕಡೆ ಎರಡು ರೇಟು ಇರುತ್ತದೆ, ಕ್ಯಾಷ್ ಒಂದು, ಕ್ರೆಡಿಟ್ ಒಂದು. ದೊಡ್ಡ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಕ್ಯಾಷ್ ರೇಟು. ಕಾಸ್ಟ್‌ಕೋ ಎಂಬ ಸಗಟು ಅಂಗಡಿಯ ಬಂಕಿನಲ್ಲಿ ರೇಟು ಕಮ್ಮಿ ಇರುತ್ತದೆ, ಆದರೆ ಸದಸ್ಯರಿಗೆ ಮಾತ್ರ.

ಟ್ಯಾಂಕಿನ ಬಾಯಿ ಪಂಪಿನ ಕಡೆ ಬರುವ ಹಾಗೆ ನಿಲ್ಲಿಸಿ. ಇಂಜಿನ್ ಆಫ್ ಮಾಡಿ. ಇಳಿದ ತಕ್ಷಣ ಪಂಪಿನ ನಂಬರ್ ನೋಡಿಕೊಳ್ಳಿ, ಕಂಬದ ಮೇಲೆ ದೊಡ್ಡದಾಗಿ ಬರೆದಿರುತ್ತದೆ.

ಮೆಷಿನ್‌ಗೆ ಕಾರ್ಡ್ ಹಾಕಿದರೆ ಪ್ರಶ್ನೆಗಳು ಶುರುವಾಗುತ್ತವೆ. ರಿವಾರ್ಡ್ಸ್ ಕಾರ್ಡ್ ಇದೆಯಾ? ಇಲ್ಲ. ಡೆಬಿಟ್ಟಾ? ಇಲ್ಲ. ಕಾರ್ ವಾಷ್ ಬೇಕಾ? ಬೇಡ. ಆಮೇಲೆ ಜಿಪ್ ಕೋಡ್. ಕಾರ್ಡಿನ ಬಿಲ್ ಹೋಗುವ ವಿಳಾಸದ ಐದಂಕಿಯ ಪಿನ್‌ಕೋಡನ್ನು ಅದು ಕೇಳುತ್ತಿರುವುದು. ಕದ್ದ ಕಾರ್ಡಿನಿಂದ ಯಾರೂ ಪೆಟ್ರೋಲ್ ಹಾಕಬಾರದು ಅಂತ ಆ ವ್ಯವಸ್ಥೆ. ನಮ್ಮ ಪಿನ್‌ಕೋಡ್ ಆರಂಕಿಯದು, ನಮ್ಮ ಬ್ಯಾಂಕಿನ ವಿಳಾಸ ಆ ಮೆಷಿನ್‌ಗೆ ತಾಳೆಯಾಗುವುದಿಲ್ಲ. ಹೋಟೆಲಿನ ಜಿಪ್ ಹಾಕಿ, ಐದು ಸೊನ್ನೆ ಹಾಕಿ ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ನಾನು ಬೇಡ ಅನ್ನುತ್ತೇನೆ. ತಪ್ಪು ಅಂಕಿ ಒತ್ತುತ್ತಾ ಹೋದರೆ ಮೋಸದ ವ್ಯವಹಾರ ಅಂತ ಬ್ಯಾಂಕ್ ಕಾರ್ಡನ್ನೇ ತಡೆದುಬಿಡಬಹುದು. ಜಿಪ್ ಕೇಳಿತು ಅಂದರೆ ಕ್ಯಾನ್ಸಲ್ ಒತ್ತಿ, ಕಾರು ಲಾಕ್ ಮಾಡಿ, ಒಳಗೆ ಹೋಗಿ. 'ಸೀ ಕ್ಯಾಷಿಯರ್' ಅಂತ ಬಂದರೂ ಅಷ್ಟೇ, ಒಳಗೆ ಬಾ ಅಂತ ಅರ್ಥ.

ನಿಜ ಹೇಳಬೇಕೆಂದರೆ ಈಗ ನಾನು ಮೆಷಿನ್‌ಗೆ ಕಾರ್ಡ್ ಹಾಕುವುದೇ ಇಲ್ಲ. ನೇರ ಒಳಗೆ ಹೋಗುತ್ತೇನೆ. ಆರಿಜೋನಾದ ಸೆಲಿಗ್‌ಮನ್ ಅಂತ ಹಳೆಯ ರೂಟ್ 66 ಹೆದ್ದಾರಿಯ ಮೇಲಿನ ಒಂದು ಚಿಕ್ಕ ಊರು. ಅಲ್ಲಿ ಬಾಗಿಲು ತಳ್ಳಿದರೆ ಕಾಫಿ ಮೆಷಿನ್‌ಗಳ ಸಾಲು, ಚಿಪ್ಸ್, ಟೋಪಿಗಳ ಸ್ಟ್ಯಾಂಡ್, ಕೊನೆಯಲ್ಲಿ ಕೌಂಟರ್. ಕೌಂಟರಿನ ಹಿಂದಿದ್ದ ಅಜ್ಜ ತಲೆ ಎತ್ತದೆ "ವಿಚ್ ಪಂಪ್?" ಅಂದರು. "ಪಂಪ್ ಫೋರ್, ಫಾರ್ಟಿ ಡಾಲರ್ಸ್, ರೆಗ್ಯುಲರ್" ಅಂದೆ. ಕಿಟಕಿಯಿಂದ ಕಾರು ನೋಡಿ "ದ ವೈಟ್ ಒನ್? ಫಾರ್ಟಿ ಆನ್ ಫೋರ್" ಅಂತ ತಿರುಗಿ ಹೇಳಿ ಮೆಷಿನ್ ಮುಂದಿಟ್ಟರು. ಚಿಪ್ ಹಾಕಿದೆ, ಕೆಲಸ ಆಯಿತು. ಜಿಪ್ ಇಲ್ಲ, ತಡೆಹಿಡಿಯುವ ದೊಡ್ಡ ಮೊತ್ತ ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ ಫೋರ್, ಫಾರ್ಟಿ, ಫೋರ್ಟೀನ್ ನಮ್ಮ ಬಾಯಲ್ಲಿ ಅವರಿಗೆ ಒಂದೇ ಥರ ಕೇಳಿಸಬಹುದು. ಅದಕ್ಕೇ ಬೆರಳು ತೋರಿಸಿ, ಕಾರಿನ ಬಣ್ಣ ಹೇಳಿ. ಅವರು ತಿರುಗಿ ಹೇಳುವ ತನಕ ಕಾಯಿರಿ. ನೀವು ಕೊಟ್ಟ ದುಡ್ಡು ಬೇರೆ ಪಂಪಿಗೆ ಬಿದ್ದರೆ ಸರಿಮಾಡಿಸುವುದು ಒಂದು ರಗಳೆ.

ಎಷ್ಟು ಹೇಳಬೇಕು? ಟೊಯೋಟಾ ರಾವ್4 ಥರದ ಕಾರಿನ ಟ್ಯಾಂಕ್ 14.5 ಗ್ಯಾಲನ್, ಅಂದರೆ ಸುಮಾರು 55 ಲೀಟರ್. ಅರ್ಧ ಖಾಲಿಯಾಗಿದ್ದರೆ ಏಳು ಗ್ಯಾಲನ್ ಹಿಡಿಯುತ್ತದೆ. ಅದನ್ನು ರೇಟಿಗೆ ಗುಣಿಸಿ ಐದು ಡಾಲರ್ ಜಾಸ್ತಿ ಹೇಳಿ. ಟ್ಯಾಂಕ್ ಮೊದಲೇ ತುಂಬಿದರೆ ಪಂಪು ತಾನಾಗಿ ನಿಲ್ಲುತ್ತದೆ. ಕ್ಯಾಷ್ ಕೊಟ್ಟಿದ್ದರೆ ಒಳಗೆ ಹೋಗಿ ಚಿಲ್ಲರೆ ಇಸ್ಕೊಳ್ಳಿ, ಸುಮ್ನೆ ಬಿಟ್ಟು ಬರಬೇಡಿ. ಕಾರ್ಡ್ ಆಗಿದ್ದರೆ ಹಾಕಿದಷ್ಟಕ್ಕೇ ಬಿಲ್ ಆಗುತ್ತದೆ, ಆದರೂ ಕೊನೆಯ ರಸೀದಿ ಕೇಳಿ ತೆಗೆದುಕೊಳ್ಳಿ.

ಹೊರಗೆ ಬಂದು ಕಾರಿನ ಬಾಗಿಲಿನ ಲೋಹವನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಿ. ಆ ಕಡೆ ಗಾಳಿ ಬಹಳ ಒಣ. ಸೀಟಿನಿಂದ ಎದ್ದು ಬಂದಾಗ ಮೈಯಲ್ಲಿ ವಿದ್ಯುತ್ ಕಿಡಿ ಕೂತಿರುತ್ತದೆ, ಅದು ಪೆಟ್ರೋಲಿನ ಆವಿ ಇರುವ ಜಾಗದಲ್ಲಿ ಹಾರಬಾರದು. ಅದೇ ಕಾರಣಕ್ಕೆ ಪೆಟ್ರೋಲ್ ಹೋಗುತ್ತಿರುವಾಗ ಮತ್ತೆ ಕಾರಿನ ಒಳಗೆ ಹೋಗಿ ಕೂರಬೇಡಿ.

ಪೈಪು ಎತ್ತಿ. ಹಳೆಯ ಪಂಪುಗಳಲ್ಲಿ ಪೈಪು ಕೂತಿದ್ದ ಜಾಗದ ಲಿವರನ್ನು ಕೈಯಿಂದ ಮೇಲೆತ್ತಬೇಕು, ಇಲ್ಲದಿದ್ದರೆ ಏನೂ ಬರುವುದಿಲ್ಲ. ಹಲವರು ಅಲ್ಲೇ ನಿಂತು ಪಂಪು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪೈಪಿನ ಮೂತಿಯನ್ನು ಟ್ಯಾಂಕಿನೊಳಗೆ ಪೂರ್ತಿ ಇಳಿಸಿ, ಗ್ರೇಡ್ ಗುಂಡಿ (ಯಾವ ಬಗೆಯ ಪೆಟ್ರೋಲ್ ಅಂತ ಆರಿಸುವುದು, ಮುಂದೆ ಹೇಳುತ್ತೇನೆ) ಒತ್ತಿ, ಮೀಟರ್ ಸೊನ್ನೆಗೆ ಬಂದ ಮೇಲೆ ಹಿಡಿಯ ಗುಂಡಿ ಅದುಮಿ. ಹಿಡಿಯ ಒಳಗೆ ಒಂದು ಚಿಕ್ಕ ಕ್ಲಿಪ್ ಇರುತ್ತದೆ, ಅದನ್ನು ಸಿಕ್ಕಿಸಿದರೆ ಅದುಮಿಕೊಂಡೇ ನಿಲ್ಲಬೇಕಾಗಿಲ್ಲ. ಆದರೂ ಅಲ್ಲೇ ನಿಂತಿರಿ. ಮುಂಗಡ ಕೊಟ್ಟಿದ್ದರೆ ಕೊನೆಯ ಕೆಲವು ಸೆಂಟು ಇರುವಾಗ ಹರಿವು ನಿಧಾನವಾಗುತ್ತದೆ, ಸರಿಯಾಗಿ 40.00ಕ್ಕೆ ನಿಲ್ಲುತ್ತದೆ.

ಟ್ಯಾಂಕ್ ತುಂಬಿದಾಗ ಟಕ್ ಅಂತ ಸದ್ದಾಗಿ ನಿಂತುಹೋಗುತ್ತದೆ. ಅಲ್ಲಿಗೆ ಸಾಕು. ನಮ್ಮೂರಿನ ಹುಡುಗರ ಹಾಗೆ ರೌಂಡ್ ಫಿಗರ್ ಮಾಡಲಿಕ್ಕೆ ಇನ್ನೂ ಇನ್ನೂ ಹಿಂಡಬೇಡಿ. ಟ್ಯಾಂಕಿನ ಆವಿ ಹಿಡಿಯಲು ಇದ್ದಿಲಿನ ಒಂದು ಡಬ್ಬಿ ಇರುತ್ತದೆ, ಜಾಸ್ತಿ ತುಂಬಿಸಿದರೆ ಪೆಟ್ರೋಲ್ ಅದರೊಳಗೆ ನುಗ್ಗಿ ಅದು ಹಾಳಾಗುತ್ತದೆ. ಪೈಪನ್ನು ಎರಡು ಕ್ಷಣ ಬಿಟ್ಟು ಹನಿ ಇಳಿಸಿ ತೆಗೆಯಿರಿ. ತಿರುಪಿನ ಮುಚ್ಚಳ ಇದ್ದರೆ ಕಟಕಟ ಅನ್ನುವ ತನಕ ತಿರುಗಿಸಿ. ಸಡಿಲ ಬಿಟ್ಟರೆ ಮುಂದೆ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡು ಸುಮ್ನೆ ಗಾಬರಿಯಾಗುತ್ತದೆ.

ಪಂಪಿನ ಪಕ್ಕದಲ್ಲಿ ನೀಲಿ ನೀರಿನ ಬಕೆಟ್ಟು, ಉದ್ದ ಹಿಡಿಯ ಬ್ರಷ್ ಇರುತ್ತದೆ. ಗಾಜು ಒರೆಸಲು, ಪುಕ್ಕಟೆ. ಮರುಭೂಮಿಯಲ್ಲಿ ಸಂಜೆ ಓಡಿಸಿದರೆ ಹುಳ ಬಡಿದು ಗಾಜು ಮಂಜಾಗಿರುತ್ತದೆ, ಒರೆಸಿಕೊಂಡೇ ಹೊರಡಿ. ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಹಾಕಿದವರಿಗೆ ಟೈರಿನ ಗಾಳಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ. ಮೆಷಿನ್ ಕಾಸು ಕೇಳಿದರೂ ಕೌಂಟರಿನಲ್ಲಿ ಹೇಳಿದರೆ ಆನ್ ಮಾಡಿಕೊಡುತ್ತಾರೆ. ಬಾತ್‌ರೂಮಿಗೆ ಕೆಲವು ಕಡೆ ಬೀಗದಕೈ ಕೌಂಟರಿನಲ್ಲೇ ಕೇಳಬೇಕು. ಅತ್ತೆಯನ್ನು ಕರೆದುಕೊಂಡು ಹೋದಮೇಲೆ ಇದನ್ನು ಮೊದಲೇ ವಿಚಾರಿಸುವುದು ನನಗೆ ಅಭ್ಯಾಸವಾಯಿತು.

ನ್ಯೂಜೆರ್ಸಿಗೆ ಹೋಗುವವರಿಗೆ ಇದು ಯಾವುದೂ ಬೇಕಿಲ್ಲ. ಅಲ್ಲಿ ಗಿರಾಕಿ ತಾನೇ ಪೆಟ್ರೋಲ್ ಹಾಕುವ ಹಾಗಿಲ್ಲ, 1949ರಿಂದಲೇ ಆ ಕಾನೂನಿದೆ. ಕಾರಿನಲ್ಲೇ ಕೂತಿರಿ, ಕೆಲಸದವರು ಬರುತ್ತಾರೆ. ಆರೆಗನ್ ರಾಜ್ಯದಲ್ಲೂ ಬಹುಪಾಲು ಹಾಗೇ ಇತ್ತು. 2023ರಿಂದ ಅಲ್ಲಿ ನೀವೇ ಬೇಕಾದರೂ ಹಾಕಿಕೊಳ್ಳಬಹುದು, ಅವರಿಂದಲಾದರೂ ಹಾಕಿಸಬಹುದು.

ಯಾವ ಗುಂಡಿ ಒತ್ತುವುದು?

ಪಂಪಿನ ಮೇಲೆ ಹಳದಿ ಚೀಟಿಯಲ್ಲಿ 87, 89, 91 ಅಂತ ಇರುತ್ತದೆ. ಅದು ಆಕ್ಟೇನ್ ಅಂಕಿ, ಇಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದೆ ಇರುವ ಗುಣದ ಅಳತೆ. ಸಾಮಾನ್ಯ ಬಾಡಿಗೆ ಕಾರಿಗೆ 87 ಸಾಕು. ನಮ್ಮವರಿಗೆ ಇಲ್ಲಿ ಒಂದು ಅನುಮಾನ ಬರುತ್ತದೆ: ನಮ್ಮ ಬಂಕಿನ ಸಾದಾ ಪೆಟ್ರೋಲೇ ಬಹಳ ಕಾಲ 91 ಇತ್ತು, ಇದು 87 ಅಂದರೆ ಕಳಪೆಯಾ ಅಂತ. ಇಲ್ಲ. ಆಕ್ಟೇನ್ ಅಳೆಯುವ ವಿಧಾನ ಬೇರೆ. ನಮ್ಮಲ್ಲಿ ಒಂದು ಪರೀಕ್ಷೆಯ ಅಂಕಿಯನ್ನು ಬರೆಯುತ್ತಾರೆ, ಅಮೆರಿಕದಲ್ಲಿ ಎರಡು ಪರೀಕ್ಷೆಗಳ ಸರಾಸರಿಯನ್ನು. ಚೀಟಿಯ ಮೇಲೆ ಆರ್, ಎಂ ಕೂಡಿಸಿ ಎರಡರಿಂದ ಭಾಗಿಸಿದ ಸೂತ್ರವೇ ಇರುತ್ತದೆ. ಅವರ 87, ನಮ್ಮ ಲೆಕ್ಕದ 91ಕ್ಕೆ ಹತ್ತಿರ ಹತ್ತಿರ ಸಮ. ಹೆಚ್ಚು ಅಂಕಿಯದು ಒಳ್ಳೆಯದು ಅಂತ 91 ಹಾಕಿದರೆ ದುಡ್ಡು ಜಾಸ್ತಿ, ಪ್ರಯೋಜನ ಇಲ್ಲ. ಮುಚ್ಚಳದ ಒಳಗೆ ಪ್ರೀಮಿಯಂ ಅಂತ ಬರೆದಿದ್ದರೆ ಮಾತ್ರ ಅದನ್ನು ಹಾಕಿ.

ಯೂಟಾ, ಕೊಲರಾಡೊ ಥರದ ಎತ್ತರದ ರಾಜ್ಯಗಳಿಗೆ ಹೋದಾಗ ಕಣ್ಣು ಬಿಟ್ಟು ನೋಡಿ. ಅಲ್ಲಿ 'ರೆಗ್ಯುಲರ್' ಅಂತ ಇರುವುದು 85 ಆಗಿರಬಹುದು. ಹೆಚ್ಚಿನ ಕಾರುಗಳ ಕೈಪಿಡಿಯಲ್ಲಿ ಕನಿಷ್ಠ 87 ಅಂತಲೇ ಇರುತ್ತದೆ. ಬಾಡಿಗೆ ಕಾರು ಇವತ್ತು ಬೆಟ್ಟದ ಮೇಲೆ, ನಾಳೆ ಕೆಳಗಿನ ಬಿಸಿಲಿನಲ್ಲಿ ಓಡುತ್ತದೆ. ಹೆಸರು ನೋಡಬೇಡಿ, ಅಂಕಿ ನೋಡಿ, 85 ಬಿಟ್ಟು ಅದರ ಮೇಲಿನದನ್ನು ಒತ್ತಿ.

ಇ85 ಎನ್ನುವುದು ಬೇರೆಯೇ. ಅದರಲ್ಲಿ ಎಥೆನಾಲ್ ಬಹಳ ಇರುತ್ತದೆ. ಅದಕ್ಕೆಂದೇ ಮಾಡಿದ ಕಾರಿಗೆ ಮಾತ್ರ ಹಾಕಬಹುದು. ರೇಟು ಕಮ್ಮಿ ಕಾಣುತ್ತದೆ ಅಂತ ಕೈ ಹಾಕಬೇಡಿ.

ಇನ್ನು ಡೀಸೆಲ್. ಹಸಿರು ಹಿಡಿ ಇದ್ದರೆ ಡೀಸೆಲ್ ಅಂತ ಹೇಳುತ್ತಾರೆ, ಬಹಳ ಕಡೆ ಅದು ನಿಜ. ಆದರೆ ಬಿಪಿ ಬಂಕುಗಳಲ್ಲಿ ಪೆಟ್ರೋಲ್ ಹಿಡಿಯೇ ಹಸಿರು. ಬಣ್ಣ ನಂಬಬೇಡಿ, ಅಕ್ಷರ ಓದಿ. ಡೀಸೆಲ್ ಪೈಪಿನ ಮೂತಿ ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ತೂರುವುದಿಲ್ಲ. ತೂರುತ್ತಿಲ್ಲ ಅಂದರೆ ಬಲ ಹಾಕದೆ ನಿಂತು ಓದಿ. ಅಕಸ್ಮಾತ್ ತಪ್ಪು ಇಂಧನ ಬಿದ್ದೇಬಿಟ್ಟಿತು ಅನ್ನಿ, ಆಗ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಒಂದು ಅಡಿಯೂ ಮುಂದೆ ತೆಗೆಯಬೇಡಿ. ಬಾಡಿಗೆ ಕಾಗದದಲ್ಲಿ ರಸ್ತೆ ಸಹಾಯದ ನಂಬರ್ ಇರುತ್ತದೆ, ಅದಕ್ಕೆ ಫೋನ್ ಮಾಡಿ. ಟ್ಯಾಂಕ್ ತೊಳೆಸುವ ಖರ್ಚಿನಲ್ಲಿ ಮುಗಿಯುವುದು ಸ್ಟಾರ್ಟ್ ಮಾಡಿದರೆ ಇಂಜಿನ್ ತನಕ ಹೋಗುತ್ತದೆ. ಕೌಂಟರಿನಲ್ಲಿ ತೆಗೆದುಕೊಂಡ ಡ್ಯಾಮೇಜ್ ರಕ್ಷಣೆ ಇದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ.

ಅರ್ಧಕ್ಕೆ ಬಂದರೆ ಹಾಕಿ

ನಮ್ಮೂರಲ್ಲಿ ರಿಸರ್ವ್ ದೀಪ ಹತ್ತಿದ ಮೇಲೆ ಬಂಕು ಹುಡುಕುವ ಅಭ್ಯಾಸ. ಆ ಅಭ್ಯಾಸವನ್ನು ಅಮೆರಿಕದ ಪಶ್ಚಿಮಕ್ಕೆ ತೆಗೆದುಕೊಂಡು ಹೋಗಬೇಡಿ. ಯೂಟಾದಲ್ಲಿ ಐ-70 ಹೆದ್ದಾರಿಯ ಮೇಲೆ ಗ್ರೀನ್ ರಿವರ್ ಮತ್ತು ಸಲೈನಾ ಎಂಬ ಎರಡು ಊರುಗಳಿವೆ. ನಡುವೆ ನೂರು ಮೈಲಿಗೂ ಜಾಸ್ತಿ, 160 ಕಿ.ಮೀ. ಮೀರಿದ ದಾರಿ. ಒಂದು ಬಂಕಿಲ್ಲ, ಅಂಗಡಿಯಿಲ್ಲ. ಕೆಂಪು ಬಂಡೆಗಳು, ವ್ಯೂ ಪಾಯಿಂಟ್‌ಗಳು, ಅಲ್ಲಲ್ಲಿ ಶೌಚಾಲಯ, ಇಷ್ಟೇ. ಮುಂದೆ ಇಷ್ಟು ಮೈಲಿ ಏನೂ ಸಿಗುವುದಿಲ್ಲ ಅಂತ ಬೋರ್ಡ್ ಹಾಕಿರುತ್ತಾರೆ. ಆ ಬೋರ್ಡ್ ಕಂಡರೆ ಮುಕ್ಕಾಲು ಟ್ಯಾಂಕ್ ಇದ್ದರೂ ತಿರುಗಿ ಹೋಗಿ ತುಂಬಿಸಿಕೊಳ್ಳಿ.

ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್ನಿನ ಸೌತ್ ರಿಮ್‌ಗೆ (ದಕ್ಷಿಣದ ಅಂಚಿಗೆ) ಸುಮಾರು 280 ಮೈಲಿ, 450 ಕಿ.ಮೀ. ದಾರಿಯಲ್ಲಿ ಕಿಂಗ್‌ಮನ್, ವಿಲಿಯಮ್ಸ್ ಸಿಗುತ್ತವೆ. ವಿಲಿಯಮ್ಸ್‌ನಲ್ಲಿ ತುಂಬಿಸಿ. ಪಾರ್ಕಿನ ಬಾಗಿಲಲ್ಲಿರುವ ಟುಸಾಯನ್‌ನಲ್ಲಿ ರೇಟು ಏರಿರುತ್ತದೆ, ಪಾರ್ಕಿನೊಳಗಿನ ಗ್ರ್ಯಾಂಡ್ ಕ್ಯಾನಿಯನ್ ವಿಲೇಜ್‌ನಲ್ಲಿ ಬಂಕೇ ಇಲ್ಲ. ಇನ್ನೊಂದು, ವೇಗಸ್ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಸೌತ್ ರಿಮ್ ಸುಮಾರು 2,100 ಮೀಟರ್. ಒಟ್ಟಾರೆ ದಾರಿ ಏರು. ಕಾರು 'ಇನ್ನು ಇಷ್ಟು ಮೈಲಿ ಓಡುತ್ತೇನೆ' ಅಂತ ತೋರಿಸುವ ಅಂಕಿ ಏರಿನಲ್ಲಿ ಬೇಗ ಬೇಗ ಇಳಿಯುತ್ತದೆ. ಎಸಿ ಜೋರಾಗಿದ್ದರೆ ಇನ್ನೂ ಬೇಗ.

ಮಾನ್ಯುಮೆಂಟ್ ವ್ಯಾಲಿಗೆ ಹೋಗುವವರು ಕಯೆಂಟಾದಲ್ಲಿ ಹಾಕಿಸಿಕೊಳ್ಳಿ. ಯೋಸೆಮಿಟಿ ಕಣಿವೆಯೊಳಗೆ ಬಂಕಿಲ್ಲ. ಡೆತ್ ವ್ಯಾಲಿಯಲ್ಲಿ ಫರ್ನೇಸ್ ಕ್ರೀಕ್, ಸ್ಟೋವ್‌ಪೈಪ್ ವೆಲ್ಸ್ ಕಡೆ ಸಿಗುತ್ತದೆ, ಆದರೆ ಬಹಳ ದುಬಾರಿ. ವೇಗಸ್ ಕಡೆಯಿಂದ ಬರುವವರು ಪಾರಂಪ್‌ನಲ್ಲೇ ತುಂಬಿಸಿಕೊಂಡು ಒಳಗೆ ಹೋಗುವುದು ಒಳ್ಳೆಯದು. ಡೆತ್ ವ್ಯಾಲಿ 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ. ಅಲ್ಲಿ ಕಾರು ನಿಂತರೆ ಎಸಿಯೂ ನಿಂತ ಹಾಗೆ, ಫೋನಿಗೆ ಸಿಗ್ನಲ್ ಕೂಡ ಎಲ್ಲ ಕಡೆ ಇಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗಾಗಿ ನೀರಿನ ಕ್ಯಾನ್ ಮತ್ತು ತುಂಬಿದ ಟ್ಯಾಂಕ್ ಎರಡೂ ಬೇಕು.

ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ರೇಟು ಪಕ್ಕದ ನೆವಾಡಾ, ಆರಿಜೋನಾಗಿಂತ ಜಾಸ್ತಿ. ಐ-40ರಲ್ಲಿ ಪಶ್ಚಿಮಕ್ಕೆ ಬರುವವರು ಕೊಲರಾಡೊ ನದಿ ದಾಟುವ ಮುಂಚೆ, ಆರಿಜೋನಾ ಬದಿಯಲ್ಲೇ ತುಂಬಿಸಿಕೊಳ್ಳಿ. ನದಿ ದಾಟಿದ ಮೇಲೆ ಸಿಗುವ ನೀಡಲ್ಸ್ ಊರಿನ ಬೋರ್ಡ್ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸಂಜೆಯ ವಿಷಯ ಮರೆಯಬೇಡಿ. ಚಿಕ್ಕ ಊರುಗಳಲ್ಲಿ ಅಂಗಡಿ ರಾತ್ರಿ ಮುಚ್ಚುತ್ತದೆ. ಪಂಪು ಮಾತ್ರ ಕಾರ್ಡ್ ಮೇಲೆ ಇಡೀ ರಾತ್ರಿ ನಡೆಯುತ್ತದೆ. ಅಲ್ಲಿಯವರಿಗೆ ಅದು ಸಾಕು. ನಮಗೆ ಜಿಪ್ ಕೋಡಿನ ಗೋಡೆ ಎದುರಾಗುತ್ತದೆ, ದುಡ್ಡು ತೆಗೆದುಕೊಳ್ಳಲು ಒಳಗೆ ಯಾರೂ ಇರುವುದಿಲ್ಲ. ಹೊತ್ತು ಮುಳುಗುವ ಮುಂಚೆ ನಾಳೆ ಬೆಳಗಿನ ದಾರಿಗೂ ಆಗುವಷ್ಟು ಹಾಕಿಕೊಂಡೇ ಹೋಟೆಲಿಗೆ ಹೋಗಿ.

ವಾಪಸ್ ಕೊಡುವಾಗ

ಏರ್‌ಪೋರ್ಟ್‌ನ ಪಕ್ಕದ ಬಂಕುಗಳಲ್ಲಿ ರೇಟು ಹೆಚ್ಚಿರುವುದು ಸಾಮಾನ್ಯ. ಹಿಂದಿನ ದಿನವೇ ಮ್ಯಾಪಿನಲ್ಲಿ ಏಳೆಂಟು ಮೈಲಿ ದೂರದ ಒಂದು ಬಂಕು ನೋಡಿಟ್ಟುಕೊಳ್ಳಿ. ತೀರಾ ದೂರ ತುಂಬಿಸಿದರೂ ಕಷ್ಟ. ಮೊದಲೆಲ್ಲ ಮುಳ್ಳು ತುದಿಯಲ್ಲಿದ್ದರೆ ಸಾಕಿತ್ತು, ಈಗಿನ ಎಷ್ಟೋ ಕಾರುಗಳು ಟ್ಯಾಂಕಿನ ಲೆಕ್ಕವನ್ನು ತಾವೇ ಕಂಪನಿಗೆ ಕಳಿಸುತ್ತವೆ. ಹತ್ತು ಮೈಲಿಯೊಳಗೆ ಹಾಕಿದ ರಸೀದಿ ಕೇಳುವವರೂ ಇದ್ದಾರೆ. ನೀವು ಬಹಳ ಕಡಿಮೆ ಓಡಿಸಿದ್ದರೆ, 75 ಮೈಲಿಗಿಂತ ಕಡಿಮೆ ಅನ್ನಿ, ಕೆಲವು ಕಂಪನಿಗಳು ಪೆಟ್ರೋಲ್ ಹೆಸರಲ್ಲಿ ಒಂದು ಗೊತ್ತಾದ ಮೊತ್ತವನ್ನು ತಾವಾಗಿಯೇ ಸೇರಿಸುತ್ತವೆ. ರಸೀದಿ ತೋರಿಸಿದರೆ ಮಾತ್ರ ತೆಗೆಯುತ್ತಾರೆ.

ಹಾಗಾಗಿ ಕೊನೆಯ ಸಲದ ರಸೀದಿಯನ್ನು ಖಂಡಿತ ತೆಗೆದುಕೊಳ್ಳಿ. ಪಂಪಿನಲ್ಲಿ ಕಾಗದ ಮುಗಿದಿದ್ದರೆ ಒಳಗೆ ಕೇಳಿ. ಶಾಯಿ ಬೇಗ ಮಾಸುವ ಕಾಗದ ಅದು, ತಕ್ಷಣ ಫೋಟೋ ತೆಗೆಯಿರಿ. ಕಾರು ನಿಲ್ಲಿಸಿದ ಮೇಲೆ ಕೀ ಕೊಡುವ ಮುಂಚೆ ಮತ್ತೆ ಮುಳ್ಳು, ಮೈಲಿ ಎರಡರ ಫೋಟೋ. ಸ್ಕ್ಯಾನರ್ ಹಿಡಿದು ಬರುವವರ ಹತ್ತಿರ ಅಂತಿಮ ಬಿಲ್ ಈಮೇಲಿಗೆ ಬಂತಾ ಅಂತ ಅಲ್ಲೇ ನೋಡಿ. ಅವಸರದಲ್ಲಿ ಕೀ ಪೆಟ್ಟಿಗೆಗೆ ಹಾಕಿ ಓಡುವ ಪರಿಸ್ಥಿತಿ ಬಂದರೆ ಫೋಟೋ ಇನ್ನೂ ಮುಖ್ಯ.

ಊರಿಗೆ ಬಂದ ಮೇಲೂ ಕಾರ್ಡಿನ ಮೆಸೇಜ್ ನೋಡುತ್ತಿರಿ. ತುಂಬಿಸಿ ಕೊಟ್ಟ ಕಾರಿಗೆ ಒಂದು ಕಂಪನಿ ನಮಗೆ ಪೆಟ್ರೋಲ್ ಚಾರ್ಜ್ ಹಾಕಿತ್ತು. ಬಾಡಿಗೆಯ ಒಪ್ಪಂದದ ನಂಬರ್, ರಸೀದಿಯ ಫೋಟೋ, ಮುಳ್ಳಿನ ಫೋಟೋ ಮೂರನ್ನೂ ಒಂದೇ ಈಮೇಲಿನಲ್ಲಿ ಕಳಿಸಿದೆ. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ. ಇಷ್ಟು ಗಂಟೆಗೆ ಇಷ್ಟು ಗ್ಯಾಲನ್ ಹಾಕಿದೆ, ಇಷ್ಟು ಗಂಟೆಗೆ ಕಾರು ಕೊಟ್ಟೆ, ಈ ಮೊತ್ತ ವಾಪಸ್ ಮಾಡಿ ಅಂತ ನಾಲ್ಕು ಸಾಲು. ದುಡ್ಡು ಕಾರ್ಡಿಗೆ ವಾಪಸ್ ಬಂತು. ಉತ್ತರವೇ ಬಾರದಿದ್ದರೆ ಅದೇ ಮೂರು ಕಾಗದ ಹಿಡಿದು ನಿಮ್ಮ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ (ಈ ಚಾರ್ಜ್ ಒಪ್ಪುವುದಿಲ್ಲ ಅನ್ನುವ ದೂರು) ಹಾಕಬಹುದು. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ, ಹಾಗಾಗಿ ಸ್ಟೇಟ್‌ಮೆಂಟ್ ಬಂದ ದಿನವೇ ಓದಿ. ಆ ಫೋಟೋಗಳನ್ನು ಎರಡು ತಿಂಗಳಾದರೂ ಫೋನಿನಲ್ಲಿ ಇಟ್ಟುಕೊಂಡಿರಿ.